ಐದು ಗೆಜ್ಜೆಯ ತಂಬೂರಿ

ಹೊಳೆಯ ಈಚೆ ದಡದಲ್ಲಿ ಒಂದು ಹೊಂಗೆಮರ, ಅದರ ನೆರಳಿನಲ್ಲಿ ಒಂದು ಮಠ. ಮಠ ಅಂದಕೂಡಲೇ ಗೋಪುರ, ಗದ್ದುಗೆ, ಆನೆ ಅಂತೆಲ್ಲ ಅಂದುಕೊಳ್ಳಬೇಡಿ. ಎರಡು ಅಂಕಣದ ಮಣ್ಣಿನ ಮನೆ. ಮುಂದೊಂದು ಜಗಲಿ, ಹಿಂದೊಂದು ಅವರೆ ಚಪ್ಪರ. ಅಷ್ಟೇ.

ಅಲ್ಲಿ ಬೋರಲಿಂಗಯ್ಯ ಅನ್ನುವ ಗುರುಗಳಿದ್ದರು.

ಆ ಮನೆಯ ಗೋಡೆಗೆ ಏಳು ಗೂಟ, ಏಳು ಗೂಟಕ್ಕೆ ಏಳು ವಾದ್ಯ. ತಮಟೆ, ದಮ್ಮಡಿ, ಕೊಳಲು, ಮೌರಿ, ಚೌಡಿಕೆ, ಕಿನ್ನರಿ, ಕೊನೆಗೆ ತಂಬೂರಿ. ಏಳನ್ನೂ ಗುರುಗಳು ನುಡಿಸುತ್ತಿದ್ದರು.

ತಮಟೆ ಅವರಿಗೆ ಅಪ್ಪನಿಂದ ಬಂತು. ಕೊಳಲನ್ನು ಎಮ್ಮೆ ಕಾಯುವವನೊಬ್ಬನ ಬೆನ್ನು ಬಿದ್ದು ಕಲಿತರು. ಚೌಡಿಕೆಗಾಗಿ ಒಬ್ಬ ಜೋಗತಿಯ ಬುಟ್ಟಿ ಹೊತ್ತು ಮೂರು ವರ್ಷ ಊರೂರು ತಿರುಗಿದರು. ಕಿನ್ನರಿ ಕಲಿಸಿದ ಜೋಗಿಗೆ ಕಣ್ಣು ಕಾಣುತ್ತಿರಲಿಲ್ಲ, ಅವನ ಕೋಲಿನ ತುದಿ ಹಿಡಿದು ನಡೆದದ್ದೇ ಪಾಠ. ಹೀಗೆ ಒಂದೊಂದು ವಾದ್ಯದ ಹಿಂದೆ ಒಂದೊಂದು ಮನೆಯ ಅನ್ನ ಇತ್ತು.

ವಯಸ್ಸಿದ್ದಾಗ ದೂರದೂರದ ಪಟ್ಟಣದವರು ಕರೆಸಿ ಕೇಳಿದರು. ಒಂದು ಸಾರಿ ಜರಿ ಶಾಲು ಹೊದಿಸಿ ಕಳಿಸಿದ್ದರು. ಆ ಶಾಲಿನ ಮೇಲೆ ಈಗ ಬೆಕ್ಕು ಮಲಗುತ್ತಿತ್ತು.

"ಅದಕ್ಕೂ ವಯಸ್ಸಾಯ್ತಲ್ಲ, ಬೆಚ್ಚಗಿರಲಿ ಬಿಡು" ಅನ್ನುತ್ತಿದ್ದರು ಗುರುಗಳು.

ಗುರುಗಳ ತಂಬೂರಿಯ ಕುತ್ತಿಗೆಗೆ ಒಂದು ಕೆಂಪು ದಾರ. ಆ ದಾರದಲ್ಲಿ ಒಂದು ಕಾಲಕ್ಕೆ ಇಪ್ಪತ್ತೊಂದು ಗೆಜ್ಜೆ. ಶಿಷ್ಯನಾದವನು ಕಲಿತಾಯ್ತು, ಇನ್ನು ಇವನು ಬೇರೆಯವರಿಗೆ ಕಲಿಸಬಹುದು ಅಂತ ತೋರಿದ ದಿನ ಗುರುಗಳು ಅದರಿಂದ ಒಂದು ಗೆಜ್ಜೆ ಬಿಚ್ಚಿ ಅವನ ಕೈಗಿಡುತ್ತಿದ್ದರು. ಅದು ಆ ಮನೆಯ ಪದ್ಧತಿ.

ಗೆಜ್ಜೆ ಇದ್ದವನ ಹತ್ತಿರ ಹಳ್ಳಿಯವರು ತಮ್ಮ ಮಕ್ಕಳನ್ನು ಕಲಿಯಲು ಬಿಡುತ್ತಿದ್ದರು. ಗೆಜ್ಜೆ ಇಲ್ಲದವನು ಎಷ್ಟೇ ಚೆನ್ನಾಗಿ ನುಡಿಸಲಿ, ಕೇಳಿ, ತಲೆದೂಗಿ, ಮುದ್ದೆ ಬಡಿಸಿ ಕಳಿಸಿಬಿಡುತ್ತಿದ್ದರು.

ಈ ಕಥೆಯ ಕಾಲಕ್ಕೆ ದಾರದಲ್ಲಿ ಐದು ಗೆಜ್ಜೆ ಉಳಿದಿದ್ದವು.

ಬಿಳಿಗಿರಿ ಅನ್ನುವ ಶಿಷ್ಯ ಬಂದು ಏಳು ವರ್ಷವಾಗಿತ್ತು. ಇಪ್ಪತ್ತೆಂಟರ ಪ್ರಾಯ, ಬಲು ಚುರುಕು ಬೆರಳು. ಬೇರೆಯವರಿಗೆ ವರ್ಷ ಹಿಡಿಯುವುದು ಅವನಿಗೆ ತಿಂಗಳಲ್ಲಿ ಬರುತ್ತಿತ್ತು. ಏಳೂ ವಾದ್ಯ ಅವನ ಕೈಯಲ್ಲಿ ಹೇಳಿದ ಹಾಗೆ ಕೇಳುತ್ತಿದ್ದವು.

ಅವರೆಕಾಯಿ ಸೊಗಡು ಹಿಡಿಯುವ ಕಾಲ. ಒಂದು ಬೆಳಿಗ್ಗೆ ಗುರುಗಳು ಜಗಲಿಯ ಮೇಲೆ ಮಂಕರಿ ಇಟ್ಟುಕೊಂಡು ಕಾಯಿ ಸುಲಿಯುತ್ತಿದ್ದರು. ಬಿಳಿಗಿರಿ ಬಂದು ಎದುರಿಗೆ ನಿಂತ.

"ಗುರುಗಳೇ, ನಾನು ಬಂದು ಏಳು ವರ್ಷ ಆಯ್ತು."

"ಹೌದೇ? ಹಾಗಾದ್ರೆ ಏಳು ಸಾರಿ ಅವರೆ ಬಂದು ಹೋಯ್ತು ಅನ್ನು."

"ಊರಿಂದ ಹೇಳಿ ಕಳಿಸಿದ್ದಾರೆ. ಯುಗಾದಿಗೆ ಬಾ, ಚಾವಡಿ ಬಿಟ್ಟುಕೊಡ್ತೀವಿ, ಹನ್ನೊಂದು ಮಂದಿ ಕಲಿಯೋಕೆ ಕಾಯ್ತಾ ಇದ್ದಾರೆ ಅಂತ. ಬರದಿದ್ರೆ..."

"ಬರದಿದ್ರೆ?"

"ಚಾವಡಿಗೆ ಹುಲ್ಲು ತುಂಬ್ತಾರಂತೆ."

"ಹುಲ್ಲಿಗೂ ಒಂದು ಜಾಗ ಬೇಕಲ್ಲಯ್ಯ."

ಬಿಳಿಗಿರಿಗೆ ನಗು ಬರಲಿಲ್ಲ. ಆ ಚಾವಡಿಯಲ್ಲಿ ಅವನ ತಾತ ತಂಬೂರಿ ನುಡಿಸುತ್ತಿದ್ದರು. ತಾತ ಹೋದ ಮೇಲೆ ಅಲ್ಲಿ ದನಿಯೇ ಇಲ್ಲ. ಅಲ್ಲಿ ಮತ್ತೆ ತಂಬೂರಿ ಕೇಳಿಸಬೇಕು ಅನ್ನುವುದೊಂದೇ ಅವನ ಆಸೆ. ಏಳು ವರ್ಷ ಅವನು ಸೌದೆ ಒಡೆದದ್ದು, ನೀರು ಹೊತ್ತದ್ದು, ಬೆರಳು ಕುಯ್ಯಿಸಿಕೊಂಡದ್ದು ಎಲ್ಲ ಅದಕ್ಕೇ.

"ಗೆಜ್ಜೆ ಕೇಳೋಕೆ ಬಂದೆ ಗುರುಗಳೇ" ಅಂದ.

ಗುರುಗಳು ಕಾಯಿ ಸುಲಿಯುತ್ತಲೇ ಹೊಳೆಯ ಕಡೆ ನೋಡಿದರು. ಹರಿಗೋಲೊಂದು ದಡಕ್ಕೆ ಬಂದು ತಾಗಿತು. ಅದರಿಂದ ಮಂಚಮ್ಮ ಇಳಿದಳು. ಗಂಡ ಹೋದ ಮೇಲೆ ಮೂವತ್ತು ವರ್ಷದಿಂದ ಆ ಹೊಳೆಯಲ್ಲಿ ಜನರನ್ನು ದಾಟಿಸುತ್ತಿದ್ದವಳು ಅವಳೇ. ಸೊಂಟದಲ್ಲಿ ಎಲೆಯಡಿಕೆ ಚೀಲ, ಕಂಕುಳಲ್ಲಿ ಗುರುಗಳಿಗೆ ಅಂತ ತಂದ ಒಂದು ಕಟ್ಟು ದಂಟಿನ ಸೊಪ್ಪು.

"ಮಂಚಮ್ಮ, ನಿನ್ನ ಮೊಮ್ಮಗಳ ಮದುವೆ ಯಾವಾಗ?"

"ಯುಗಾದಿ ಇನ್ನೊಂದು ವಾರ ಇದೆ ಅನ್ನುವಾಗ ಬುದ್ಧಿ."

"ನೀನು ಅದೇನೋ ಕೇಳ್ತಿದ್ದೆಯಲ್ಲ?"

ಮಂಚಮ್ಮ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕಳು. "ಬಿಡಿ ಬುದ್ಧಿ, ಈ ವಯಸ್ನಲ್ಲಿ. ನಮ್ಮತ್ತೆ ಒಂದು ಸೋಬಾನೆ ಪದ ಹೇಳ್ಕೊಟ್ಟಿದ್ರು. ಅದನ್ನ ಮೊಮ್ಮಗಳ ಮದುವೇಲಿ ತಂಬೂರಿ ಮೀಟ್ಕಂಡು ಹಾಡ್ಬೇಕು ಅಂತ. ಒಂದೇ ಪದ. ಅದಕ್ಕಿಂತ ಹೆಚ್ಚು ಬ್ಯಾಡ."

ಗುರುಗಳು ಬಿಳಿಗಿರಿಯ ಕಡೆ ತಿರುಗಿದರು.

"ಇವಳಿಗೆ ಆ ಒಂದು ಪದ ಕಲಿಸು. ಆಮೇಲೆ ಗೆಜ್ಜೆ ಮಾತು ಆಡೋಣ."

"ಒಂದೇ ಪದವಾ? ಎಂಟು ದಿನ ಸಾಕು ಗುರುಗಳೇ."

"ಸಾಕಾದ್ರೆ ಸಂತೋಷ" ಅಂದು ಗುರುಗಳು ಇನ್ನೊಂದು ಕಾಯಿ ಎತ್ತಿಕೊಂಡರು.

ಅಡುಗೆಮನೆಯ ಮೂಲೆಯಲ್ಲಿ ಕಲಿಯುವವರಿಗೆ ಅಂತಲೇ ಒಂದು ಹಳೆಯ ತಂಬೂರಿ ಇತ್ತು. ಬಿಳಿಗಿರಿ ಅದನ್ನು ತಂದು ಮಂಚಮ್ಮನ ತೊಡೆಯ ಮೇಲಿಟ್ಟ.

ಮೂವತ್ತು ವರ್ಷ ಹರಿಗೋಲಿನ ಹುಟ್ಟು ಹಿಡಿದ ಕೈ ಅವಳದು. ಬೆರಳುಗಳು ಶುಂಠಿಯ ಬೇರಿನ ಹಾಗೆ ಗಂಟುಗಂಟು. ಬೆರಳು ತಂತಿ ಮೀಟಿದರೆ ಹಾಡು ನಿಂತುಹೋಗುತ್ತಿತ್ತು. ಹಾಡು ಹೊರಟರೆ ಬೆರಳು ನಿಂತುಹೋಗುತ್ತಿತ್ತು. ಎರಡು ಹಸು ಒಂದೇ ಬಾಗಿಲಲ್ಲಿ ನುಗ್ಗಿದ ಹಾಗೆ.

"ಹಾಗಲ್ಲ ಮಂಚವ್ವ. ಇಲ್ಲಿ ಕೊಡಿ."

ಬಿಳಿಗಿರಿ ತಂಬೂರಿ ತೆಗೆದುಕೊಂಡು ನುಡಿಸಿದ. ಹೊಂಗೆಮರದ ಕೆಳಗೆ ಮೇಯುತ್ತಿದ್ದ ಮೇಕೆ ಕೂಡ ತಲೆ ಎತ್ತಿ ನಿಂತಿತು.

"ಎಷ್ಟು ಚೆಂದ ಮೇಷ್ಟ್ರೇ" ಅಂದಳು ಮಂಚಮ್ಮ. "ಇನ್ನೊಂದ್ಸಾರಿ."

ಅವನು ಇನ್ನೊಂದು ಸಾರಿ ನುಡಿಸಿದ. ಆಮೇಲೆ ತಂಬೂರಿ ಅವಳ ಕೈಗೆ ಕೊಟ್ಟ. ಅವಳು ಎರಡು ಸಾರಿ ಮೀಟಿದಳು, ಮೂರನೆಯದು ತಪ್ಪಿತು.

"ಹಾಗಲ್ಲ ಮಂಚವ್ವ. ಇಲ್ಲಿ ಕೊಡಿ."

ಎಂಟು ದಿನ ಹೋಯಿತು. ಹದಿನೈದು ದಿನ ಹೋಯಿತು. ದಿನಾ ಜನರನ್ನು ದಾಟಿಸಿ ಮುಗಿಸಿ ಮಂಚಮ್ಮ ಬರುತ್ತಿದ್ದಳು, ಕೂರುತ್ತಿದ್ದಳು, ತಪ್ಪುತ್ತಿದ್ದಳು. ಬಿಳಿಗಿರಿ ತಂಬೂರಿ ತೆಗೆದುಕೊಂಡು ತೋರಿಸುತ್ತಿದ್ದ. ಅವಳು ಕಣ್ಣು ಮುಚ್ಚಿ ತಲೆದೂಗುತ್ತಿದ್ದಳು.

ತಿಂಗಳಾದ ಮೇಲೆ ಅವನಿಗೆ ಸೈರಣೆ ತಪ್ಪಿತು.

"ಮಂಚವ್ವ, ಒಂದು ತಿಂಗಳಾಯ್ತು. ನಿಮಗೆ ಏನು ಬಂತು ಹೇಳಿ ನೋಡೋಣ."

ಮಂಚಮ್ಮ ಯೋಚಿಸಿದಳು.

"ಸುಳ್ಳು ಯಾಕೆ ಹೇಳ್ಲಿ ಮೇಷ್ಟ್ರೇ. ಕೇಳೋದು ಚೆನ್ನಾಗಿ ಬತ್ತದೆ."

ಬಿಳಿಗಿರಿ ನೇರ ಗುರುಗಳ ಹತ್ತಿರ ಹೋದ. ಅವರು ಅವರೆಕಾಯಿ ಸುಲಿಯುತ್ತಿದ್ದರು.

"ಗುರುಗಳೇ, ಆ ಹೆಂಗಸಿಗೆ ತಂಬೂರಿ ಬರಲ್ಲ. ಬೇರೆ ಯಾರನ್ನಾದ್ರೂ ಕೊಡಿ. ಎಂಟು ದಿನದಲ್ಲಿ ಕಲಿಸಿ ತೋರಿಸ್ತೀನಿ."

"ಯಾಕೆ ಬರಲ್ಲ?"

"ಎಷ್ಟು ತೋರಿಸಿದ್ರೂ ತಪ್ಪೇ."

"ಈ ತಿಂಗಳಲ್ಲಿ ತಂಬೂರಿ ಅವಳ ತೊಡೆ ಮೇಲೆ ಎಷ್ಟು ಹೊತ್ತಿತ್ತು? ನಿನ್ನ ತೊಡೆ ಮೇಲೆ ಎಷ್ಟು ಹೊತ್ತಿತ್ತು?"

"ನಾನು ತೋರಿಸ್ಬೇಕಲ್ಲ ಗುರುಗಳೇ."

ಗುರುಗಳು ಸುಲಿದ ಕಾಳನ್ನು ಒಂದು ಕಡೆ ಸರಿಸಿದರು.

"ಮನೇಲಿ ಸೌದೆ ಮುಗೀತಾ ಬಂತು. ಆಚೆ ದಡದ ಹುಣಸೆಮರದ ಹತ್ತಿರ ಕಡಿದು ಪೇರಿಸಿದ್ದಾರೆ. ನಾಳೆ ಹೋಗಿ ತಗೊಂಡು ಬಾ. ಹರಿಗೋಲು ನೀನೇ ಹಾಕು."

"ಮಂಚವ್ವ ಇದ್ದಾರಲ್ಲ?"

"ಅವಳೂ ಕೂತಿರ್ತಾಳೆ. ಹುಟ್ಟು ನಿನ್ನ ಕೈಲಿರಲಿ."

ಹೊಳೆ ದಾಟುವುದಕ್ಕೂ ತಂಬೂರಿಗೂ ಏನು ಸಂಬಂಧ ಅಂತ ಬಿಳಿಗಿರಿಗೆ ತಿಳಿಯಲಿಲ್ಲ. ಗುರುಗಳ ಮಾತು, ಹೋಗಲೇಬೇಕು.

ಬೆಳಿಗ್ಗೆ ಹರಿಗೋಲು ಹತ್ತಿದ. ಮಂಚಮ್ಮ ಎದುರಿಗೆ ಕಾಲು ಮಡಚಿ ಕೂತಳು. ಎಲೆಯಡಿಕೆ ಚೀಲ ಬಿಚ್ಚಿದಳು.

ಹರಿಗೋಲಿಗೆ ಹಿಂದು ಮುಂದು ಅಂತಿಲ್ಲ, ದೊಡ್ಡ ಬುಟ್ಟಿಯ ಹಾಗೆ ದುಂಡಗೆ. ಬಿಳಿಗಿರಿ ಬಲಗಡೆ ಹುಟ್ಟು ಹಾಕಿದ. ಅದು ಎಡಕ್ಕೆ ತಿರುಗಿತು. ಎಡಗಡೆ ಹಾಕಿದ. ಬಲಕ್ಕೆ ತಿರುಗಿತು. ಜೋರಾಗಿ ಹಾಕಿದ. ರಾಗಿಕಲ್ಲು ತಿರುಗಿದ ಹಾಗೆ ಗಿರ್ರನೆ ತಿರುಗತೊಡಗಿತು.

"ಮಂಚವ್ವ, ತಿರುಗ್ತಾ ಇದೆ."

"ತಿರುಗ್ತದೆ."

"ಏನು ಮಾಡ್ಲಿ?"

"ಈಗ ಮಾಡ್ತಾ ಇರೋದನ್ನೇ ಒಸಿ ಕಮ್ಮಿ ಮಾಡಿ."

ಅವನಿಗೆ ತಲೆ ಸುತ್ತು ಬಂತು. ಬೆವರು ಕಣ್ಣಿಗಿಳಿಯಿತು.

"ನೀವು ಒಂದು ಸಾರಿ ತಗೊಳ್ಳಿ. ನೋಡ್ಕೊಂಡುಬಿಡ್ತೀನಿ."

ಮಂಚಮ್ಮ ಎಲೆಗೆ ಸುಣ್ಣ ಹಚ್ಚುತ್ತಿದ್ದಳು.

"ನಾನು ತಗೊಂಡ್ರೆ ದಡ ಸೇರ್ತೀವಿ."

"ಅದೇ ತಾನೇ ಬೇಕಾಗಿರೋದು?"

"ಅದು ನಾನು ಸೇರಿಸ್ದಂಗಾಯ್ತದೆ. ನಂಗೆ ಹುಟ್ಟು ಹಾಕೋಕೆ ಬತ್ತದೆ ಅನ್ನೋದು ನಂಗೆ ಮೊದ್ಲೇ ಗೊತ್ತಲ್ಲ ಮೇಷ್ಟ್ರೇ."

ಹರಿಗೋಲು ತಿರುಗುತ್ತಾ ತಿರುಗುತ್ತಾ ನೀರಿನ ಜೊತೆ ಕೆಳಕ್ಕೆ ಹೋಯಿತು. ಮಡಿವಾಳರು ಬಟ್ಟೆ ಒಗೆಯುವ ಬಂಡೆಗೆ ಹೋಗಿ ತಾಗಿತು. ಅಲ್ಲಿದ್ದ ಹೆಂಗಸರು ಒಗೆಯುವುದು ಬಿಟ್ಟು ಸೊಂಟಕ್ಕೆ ಕೈಯಿಟ್ಟು ನಿಂತರು.

"ಮಂಚಕ್ಕಾ, ಯಾರಮ್ಮಾ ಇವರು ಹೊಸ ಅಂಬಿಗರು?"

"ನಮ್ಮ ಮೇಷ್ಟ್ರು."

"ಏನು ಕಲಿಸ್ತಾರೆ?"

"ಈಗ ಕಲೀತಾವ್ರೆ."

ನಗು ಬಂಡೆಯಿಂದ ಬಂಡೆಗೆ ಹಾರಿಕೊಂಡು ಹೋಯಿತು. ಬಿಳಿಗಿರಿಗೆ ಹೊಳೆಗೆ ಹಾರಿಬಿಡೋಣ ಅನ್ನಿಸಿತು. ಈಜು ಬರುತ್ತಿರಲಿಲ್ಲ, ಅದಕ್ಕೇ ಕೂತ.

ಆ ದಿನ ಸೌದೆ ಬರಲಿಲ್ಲ. ಎರಡನೆಯ ದಿನವೂ ಬರಲಿಲ್ಲ. ಗುರುಗಳು ತೆಂಗಿನ ಗರಿ ಉರಿಸಿ ಸಾರು ಕಾಯಿಸಿಕೊಂಡರು.

ಮೂರನೆಯ ದಿನ ನಡುಹೊಳೆಯಲ್ಲಿ ಮತ್ತೆ ತಿರುಗತೊಡಗಿದಾಗ ಮಂಚಮ್ಮ ಬಾಯಿಯ ಎಲೆಯನ್ನು ಒಂದು ಕೆನ್ನೆಗೆ ಸರಿಸಿ ಅಂದಳು:

"ನೀರು ನೋಡ್ಬೇಡಿ ಮೇಷ್ಟ್ರೇ. ನೀರು ಓಯ್ತಾನೇ ಇರ್ತದೆ. ಆ ಹುಣಸೆಮರ ನೋಡಿ."

ಬಿಳಿಗಿರಿ ತಲೆ ಎತ್ತಿದ. ಆಚೆ ದಡದಲ್ಲಿ ಹುಣಸೆಮರ ತನ್ನ ಪಾಡಿಗೆ ನಿಂತಿತ್ತು. ಅದನ್ನೇ ನೋಡುತ್ತಾ ಹುಟ್ಟನ್ನು ಪಕ್ಕಕ್ಕೆ ಹಾಕುವ ಬದಲು ಎದುರಿಗೆ ಹಾಕಿ ತನ್ನ ಕಡೆಗೆ ಎಳೆದ. ಹರಿಗೋಲು ಒಮ್ಮೆ ಅನುಮಾನಿಸಿತು. ಮತ್ತೆ ಎಳೆದ. ಮರ ಒಂದಿಷ್ಟು ಹತ್ತಿರ ಬಂತು.

ದಡ ಮುಟ್ಟಿದಾಗ ಅವನಿಗೆ ಆದ ಸಂತೋಷ ಏಳು ವಾದ್ಯ ಕಲಿತಾಗಲೂ ಆಗಿರಲಿಲ್ಲ. ಯಾಕೆಂದರೆ ಅವು ಯಾವುವೂ ಅವನನ್ನು ಇಷ್ಟು ತಿರುಗಿಸಿರಲಿಲ್ಲ.

ಸೌದೆ ತುಂಬುವಾಗ ಕೇಳಿದ:

"ಮಂಚವ್ವ, ಮೂರು ದಿನ ನಾನು ಹೊಳೆ ಕಲಕ್ತಾ ಇದ್ರೆ ನಿಮ್ಮ ಕೈ ತುರಿಸಲಿಲ್ವಾ?"

"ತುರಿಸ್ದೇ ಇರ್ತದಾ? ಕಿತ್ಕೊಂಡುಬಿಡಾನ ಅನ್ನಿಸ್ತಿತ್ತು. ಅದಕ್ಕೇ ಎಲೆಯಡಿಕೆ ಮಡಚ್ತಾ ಕೂತೆ." ಚೀಲ ಕೊಡವಿ ತೋರಿಸಿದಳು. "ನೋಡಿ, ಮೂರು ದಿನಕ್ಕೆ ಒಂದು ಕವಳಿಗೆ ಎಲೆ ಮುಗೀತು. ಬಾಯೆಲ್ಲ ಬೆಂದೋಗದೆ."

ಬಿಳಿಗಿರಿ ಎತ್ತಿದ ಸೌದೆಯನ್ನು ಎತ್ತಿದ ಹಾಗೇ ಹಿಡಿದು ನಿಂತುಬಿಟ್ಟ.

ಅವನಿಗೆ ಮೊದಲ ದಿನದ ಪಾಠ ನೆನಪಾಯಿತು. ಅವನ ಕೈಯಲ್ಲಿ ತಮಟೆ, ಗುರುಗಳ ಕೈಯಲ್ಲಿ ಅವರೆಕಾಯಿ. ದಮ್ಮಡಿ ಕಲಿತಾಗ ಗುರುಗಳು ಹುರಿ ಹೊಸೆಯುತ್ತಿದ್ದರು. ಕಿನ್ನರಿ ಕಲಿತಾಗ ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದರು. ಈ ಮುದುಕ ನನ್ನ ಪಾಠದ ಕಡೆ ಗಮನವನ್ನೇ ಕೊಡುವುದಿಲ್ಲವಲ್ಲ ಅಂತ ಎಷ್ಟು ಸಾರಿ ಒಳಗೊಳಗೇ ಬೈದುಕೊಂಡಿದ್ದ.

ಏಳು ವರ್ಷದಲ್ಲಿ ಗುರುಗಳು ಒಂದೇ ಒಂದು ಸಾರಿಯೂ ಅವನ ಕೈಯಿಂದ ವಾದ್ಯ ತೆಗೆದುಕೊಂಡಿರಲಿಲ್ಲ.

ಸೌದೆ ತಂದು ಹಾಕಿ ಜಗಲಿಯ ಮುಂದೆ ಕೂತ.

"ಗುರುಗಳೇ, ಪಾಠದ ಹೊತ್ತಿಗೆ ನಿಮ್ಮ ಕೈಗೆ ಯಾವಾಗ್ಲೂ ಏನಾದ್ರೊಂದು ಕೆಲಸ ಇರುತ್ತಲ್ಲ, ಯಾಕೆ?"

ಗುರುಗಳು ತಮ್ಮ ಎರಡು ಕೈಗಳನ್ನೂ ಚಾಚಿ ನೋಡಿಕೊಂಡರು, ಅವು ಬೇರೆ ಯಾರದೋ ಅನ್ನುವ ಹಾಗೆ.

"ಇವು ಪೋಲಿ ಕೈ ಕಣಯ್ಯ. ಸುಮ್ನೆ ಬಿಟ್ರೆ ಇನ್ನೊಬ್ಬರ ವಾದ್ಯಕ್ಕೆ ಹೋಗ್ತವೆ."

ಹಾಗಂದು ಮಂಕರಿಯಲ್ಲಿದ್ದ ಕಾಯಿಯಲ್ಲಿ ಅರ್ಧವನ್ನು ಅವನ ಕಡೆ ತಳ್ಳಿದರು.

ಮರುದಿನ ಮಂಚಮ್ಮ ಬಂದಾಗ ಬಿಳಿಗಿರಿಯ ಮುಂದೆ ಮಂಕರಿ ಇತ್ತು.

"ಏನು ಮೇಷ್ಟ್ರೇ, ಸಾರು ಮಾಡ್ತೀರಾ?"

"ನೀವು ನುಡಿಸಿ ಮಂಚವ್ವ."

ಅವಳು ಮೀಟಿದಳು. ಮೂರನೆಯದು ತಪ್ಪಿತು. ಬಿಳಿಗಿರಿಯ ಕೈ ಎದ್ದಿತು. ಕಾಯಿಯೊಂದನ್ನು ಹಿಡಿದುಕೊಂಡಿತು.

"ತಪ್ಪಾಯ್ತಾ?"

"ನಿಮಗೆ ಏನನ್ನಿಸ್ತು?"

"ತಪ್ಪಾಯ್ತು."

"ಹಾಗಾದ್ರೆ ಇನ್ನೊಂದ್ಸಾರಿ."

ಅದು ಸುಲಭದ ಕೆಲಸವಲ್ಲ ನೋಡಿ. ಬರುವವನಿಗೆ ಬಾರದವರ ಎದುರು ಸುಮ್ಮನೆ ಕೂರುವುದು ಅಂದರೆ, ಮೈಮೇಲೆ ಇರುವೆ ಹರಿಯುವಾಗ ಕೈ ಕಟ್ಟಿಕೊಂಡು ಕೂತ ಹಾಗೆ. ಅವಳು ತಪ್ಪಿದಾಗಲೆಲ್ಲ ಅವನು ಒಂದು ಕಾಯಿ ಸುಲಿದ. ಬಹಳ ತಪ್ಪಿದಾಗ ನೋಡದೆ ಸುಲಿದ. ಕಾಳು ಯಾವುದು ಸಿಪ್ಪೆ ಯಾವುದು ಅನ್ನುವ ಪರಿವೆ ಇಲ್ಲದೆ ಎಲ್ಲವನ್ನೂ ಒಂದೇ ಪಾತ್ರೆಗೆ ಹಾಕಿದ.

ಮಧ್ಯಾಹ್ನದ ಊಟಕ್ಕೆ ಗುರುಗಳ ತಟ್ಟೆಯಲ್ಲಿ ಕಾಳಿಗಿಂತ ಸಿಪ್ಪೆಯೇ ಜಾಸ್ತಿ. ಗುರುಗಳು ಒಂದೊಂದಾಗಿ ಎತ್ತಿ ತಟ್ಟೆಯ ಅಂಚಿಗೆ ಇಟ್ಟರು.

"ಇವತ್ತು ಮಂಚಮ್ಮನಿಗೆ ಬಲು ಕಷ್ಟ ಆಯ್ತು ಅಂತ ಕಾಣುತ್ತೆ" ಅಂದರು.

ದಿನ ಕಳೆದ ಹಾಗೆ ಸಾರಿನಲ್ಲಿ ಸಿಪ್ಪೆ ಕಡಿಮೆಯಾಯಿತು. ಅವರೆಯ ಕಾಲ ಮುಗಿದು ಹುಣಸೆಹಣ್ಣಿನ ಕಾಲ ಬಂತು. ಬಿಳಿಗಿರಿ ಬೀಜ ಬಿಡಿಸುತ್ತಾ ಕೂತ. ಆಗೊಮ್ಮೆ ಈಗೊಮ್ಮೆ ಒಂದು ಮಾತು, ಅದೂ ಅವಳು ಕೇಳಿದರೆ ಮಾತ್ರ.

ಒಂದು ಸಂಜೆ ಮಂಚಮ್ಮ ಕಣ್ಣು ಮುಚ್ಚಿಕೊಂಡು ಸುಮ್ಮನೆ ಕೂತಿದ್ದಳು. ಅವಳ ತೋಳು ತನಗೆ ತಾನೇ ಹುಟ್ಟು ಎಳೆದ ಹಾಗೆ ಅಲುಗಿತು. ಒಂದು ಎಳೆತ, ಒಂದು ಬಿಡುವು. ಒಂದು ಎಳೆತ, ಒಂದು ಬಿಡುವು. ಆ ಎಳೆತಕ್ಕೆ ಬೆರಳು ತಂತಿಗೆ ಬಿತ್ತು. ಬಿಡುವಿನಲ್ಲಿ ಹಾಡು ಹೊರಟಿತು. ಎರಡು ಹಸುವೂ ಒಂದರ ಹಿಂದೊಂದು ಬಾಗಿಲು ದಾಟಿದವು.

ಬಿಳಿಗಿರಿ ಹುಣಸೆಹಣ್ಣು ಹಿಡಿದ ಕೈಯನ್ನು ಅಲುಗಿಸಲಿಲ್ಲ.

ಅದು ಆ ಮನೆಯ ನಡೆಯಾಗಿರಲಿಲ್ಲ. ಗುರುಗಳು ಕಲಿಸಿದ್ದು ಒತ್ತೊತ್ತಾಗಿ ಬರುವ ಮೀಟು. ಇದರಲ್ಲಿ ನಡುವೆ ಅಷ್ಟಗಲ ಜಾಗ. ತಿದ್ದಬೇಕು ಅಂತ ನಾಲಿಗೆಯ ತುದಿಗೆ ಬಂತು. ಒಂದು ಬೀಜ ಬಾಯಿಗೆ ಹಾಕಿಕೊಂಡು ಸುಮ್ಮನಾದ.

ಆಮೇಲೆ ಗುರುಗಳಿಗೆ ಹೇಳಿದ.

"ಮಂಚವ್ವ ನುಡಿಸ್ತಾರೆ. ಆದ್ರೆ ನಮ್ಮ ನಡೆ ಅಲ್ಲ. ನಿಧಾನ."

"ಹಾಡು ಕೆಟ್ಟಿತಾ?"

"ಇಲ್ಲ. ಹೊಳೆ ಮೇಲೆ ಹೋದ ಹಾಗಿತ್ತು."

"ನಿನ್ನ ಹಾಗೆ ನುಡಿಸೋಕೆ ನೀನಿದ್ದೀಯ. ಅವಳ ಹಾಗೆ ನುಡಿಸೋರು ಇಷ್ಟು ದಿನ ಯಾರಿದ್ರು?"

ಮದುವೆಯ ದಿನ ಬಿಳಿಗಿರಿಯೂ ಹೋದ. ಚಪ್ಪರದಲ್ಲಿ ಅವನು ಪಾಯಸ ಬಡಿಸುತ್ತಿದ್ದಾಗ ಒಳಗಿಂದ ತಂಬೂರಿ ಕೇಳಿಸಿತು. ಒಂದು ಎಳೆತ, ಒಂದು ಬಿಡುವು. ಮಂಚಮ್ಮನ ದನಿ ಏನೂ ಗಡಿಬಿಡಿಯಿಲ್ಲದೆ ಬಂತು. ಗಲಗಲ ಅನ್ನುತ್ತಿದ್ದ ಹೆಂಗಸರು ಮಾತು ನಿಲ್ಲಿಸಿದರು. ಹಸೆಮಣೆಯ ಮೇಲಿದ್ದ ಮೊಮ್ಮಗಳು ಅಜ್ಜಿಯನ್ನೇ ನೋಡುತ್ತಾ ತಲೆ ತಗ್ಗಿಸುವುದನ್ನು ಮರೆತಳು.

ಪದ ಮುಗಿಯಿತು. ಗಂಡಿನ ಕಡೆಯ ಹಿರಿಯಳೊಬ್ಬಳು ಕೇಳಿದಳು:

"ಯಾರಮ್ಮಾ ನಿಮಗೆ ಕಲಿಸಿದ್ದು?"

ಬಿಳಿಗಿರಿಯ ಸೌಟು ಪಾತ್ರೆಯಲ್ಲೇ ನಿಂತಿತು.

"ಯಾರು ಕಲಿಸ್ತಾರೆ ತಾಯಿ" ಅಂದಳು ಮಂಚಮ್ಮ. "ನಾನೇ ಕಲ್ತೆ. ಮೇಷ್ಟ್ರು ಪಕ್ಕದಲ್ಲಿ ಅವರೆಕಾಯಿ ಸುಲೀತಿದ್ರು."

ಅವನಿಗೆ ಒಂದು ಗಳಿಗೆ ಚುರ್ ಅಂದಿತು. ಮರುಗಳಿಗೆಯೇ ನಗು ಬಂತು, ತಡೆಯಲಾರದ ನಗು. ಎದುರಿನ ಎಲೆಯವರಿಗೆ ಎರಡು ಸೌಟು ಪಾಯಸ ಹೆಚ್ಚಿಗೆ ಬಿತ್ತು.

ಮದುವೆ ಮುಗಿದ ಮೇಲೆ ಮಂಚಮ್ಮ ಮೊಮ್ಮಗಳ ಜೊತೆ ಬೀಗರ ಊರಿಗೆ ಹೋದಳು. ಕಲಿಯುವವರ ಹಳೆಯ ತಂಬೂರಿಯೂ ಅವಳ ಜೊತೆ ಹೋಯಿತು. ಅಲ್ಲಿ ಮೂರು ಜನ ಹೆಂಗಸರು ಕಲಿಯಬೇಕು ಅಂತ ಕೂತಿದ್ದಾರಂತೆ.

"ಅದು ವಾಪಸ್ ಬರಲ್ಲ ಗುರುಗಳೇ" ಅಂದ ಬಿಳಿಗಿರಿ.

"ಅಡುಗೆಮನೆ ಮೂಲೆ ಖಾಲಿಯಾಯ್ತಲ್ಲ, ಒಳ್ಳೇದೇ ಆಯ್ತು" ಅಂದರು ಗುರುಗಳು. "ಹೊಗೆಯಲ್ಲಿ ಅದಕ್ಕೂ ಸಾಕಾಗಿತ್ತು."

ಯುಗಾದಿಗೆ ನಾಲ್ಕು ದಿನ ಉಳಿಯಿತು. ಆಮೇಲೆ ಮೂರು. ಗುರುಗಳು ಗೆಜ್ಜೆಯ ಮಾತು ಎತ್ತಲಿಲ್ಲ.

ಬಿಳಿಗಿರಿ ಒಳಗೆ ಹೋಗುವಾಗ, ಹೊರಗೆ ಬರುವಾಗ ಏಳನೆಯ ಗೂಟದ ಕಡೆ ನೋಡುತ್ತಿದ್ದ. ಐದು ಗೆಜ್ಜೆ ಅಲ್ಲೇ ಇದ್ದವು. ಕೇಳಬೇಕು ಅನ್ನಿಸಿತು. ಮೊದಲಿನ ಹಾಗೆ ಎದುರು ನಿಂತು ಕೇಳಲು ಬಾಯಿ ಬರಲಿಲ್ಲ. ಏಳು ವರ್ಷವಾಯಿತು ಅನ್ನುವ ಮಾತು ಈಗ ಅಷ್ಟು ದೊಡ್ಡದಾಗಿ ಕಾಣುತ್ತಲೂ ಇರಲಿಲ್ಲ.

ಹೊರಡುವ ದಿನ ಬೆಳಿಗ್ಗೆ, ಊರಿಂದ ಬರುವಾಗ ತಂದಿದ್ದ ತಾತನ ತಂಬೂರಿಯನ್ನು ಬಟ್ಟೆಯಲ್ಲಿ ಸುತ್ತಿ ಹೆಗಲಿಗೆ ಹಾಕಿಕೊಂಡ. ಗುರುಗಳ ಕಾಲಿಗೆ ಬಿದ್ದ.

"ಹೋಗಿ ಬರ್ತೀನಿ ಗುರುಗಳೇ."

"ಗೆಜ್ಜೆ ಇಲ್ಲದೆ ಹೋಗ್ತೀಯಲ್ಲ, ಚಾವಡಿ ಕೊಡ್ತಾರಾ?"

"ಕೊಡಲ್ಲ. ಹುಲ್ಲು ತುಂಬ್ತಾರೆ."

"ಆಮೇಲೆ?"

"ಹುಲ್ಲಿನ ಮೇಲೆ ಕೂತ್ಕೋತೀನಿ. ಯಾರಾದ್ರೂ ಒಬ್ಬರು ಮಂಚವ್ವನಂಥೋರು ಬರಬಹುದು. ಬಂದ್ರೆ ಒಂದು ಮಂಕರಿ ಅವರೆಕಾಯಿ ತರಿಸ್ತೀನಿ."

ಗುರುಗಳು ಎದ್ದು, ಏಳನೆಯ ಗೂಟದಿಂದ ತಮ್ಮ ತಂಬೂರಿ ಇಳಿಸಿ ಹೆಗಲಿಗೆ ಹಾಕಿಕೊಂಡರು.

"ನಡಿ, ಆಚೆ ದಡದವರೆಗೆ ನಾನೂ ಬರ್ತೀನಿ."

ಮಂಚಮ್ಮನ ಹರಿಗೋಲು ದಡದಲ್ಲಿ ಕಟ್ಟಿತ್ತು. ಬಿಳಿಗಿರಿ ಹಗ್ಗ ಬಿಚ್ಚಿ ಗುರುಗಳನ್ನು ಕೂರಿಸಿ, ಹುಟ್ಟು ಹಿಡಿದ. ಹರಿಗೋಲು ನೆಟ್ಟಗೆ ಹೊರಟಿತು. ಬಂಡೆಯ ಮೇಲಿದ್ದ ಹೆಂಗಸರು ನೋಡಿದರು, ಈ ಸಾರಿ ನಗುವುದಕ್ಕೆ ಅವರಿಗೇನೂ ಸಿಗಲಿಲ್ಲ.

ನಡುಹೊಳೆಗೆ ಬಂದಾಗ ಗುರುಗಳು ಕೈ ಚಾಚಿದರು.

"ಆ ಹುಟ್ಟು ಇತ್ತ ಕೊಡು."

"ನಿಮಗೆ ಬರುತ್ತಾ ಗುರುಗಳೇ?"

"ನಲವತ್ತು ವರ್ಷದಿಂದ ಈ ಹೊಳೆ ದಾಟ್ತಿದ್ದೀನಿ. ಒಂದು ದಿನಕ್ಕೂ ಹುಟ್ಟು ಮುಟ್ಟಿದವನಲ್ಲ. ಏಳು ವಾದ್ಯ ಆಯ್ತು, ಇದೊಂದು ಕಲಿಯೋಣ ಅನ್ನಿಸ್ತು."

ಬಿಳಿಗಿರಿ ಹುಟ್ಟು ಕೊಟ್ಟ.

ಗುರುಗಳು ಬಲಗಡೆ ಹಾಕಿದರು. ಹರಿಗೋಲು ಎಡಕ್ಕೆ ತಿರುಗಿತು. ಎಡಗಡೆ ಹಾಕಿದರು. ಬಲಕ್ಕೆ ತಿರುಗಿತು. ಹೊಂಗೆಮರ ಎದುರಿಗೆ ಬಂತು, ಬಂಡೆ ಬಂತು, ಹುಣಸೆಮರ ಬಂತು, ಮತ್ತೆ ಹೊಂಗೆಮರ ಬಂತು. ಗುರುಗಳ ರುಮಾಲು ಒಂದು ಕಿವಿಯ ಮೇಲೆ ಜಾರಿತು. ಹರಿಗೋಲು ತಿರುಗುತ್ತಾ ಕೆಳಕ್ಕೆ ಸಾಗಿತು.

ಬಿಳಿಗಿರಿಯ ಕೈ ಎದ್ದಿತು. ಎದುರಿಗೆ ಎಪ್ಪತ್ತು ದಾಟಿದ ಜೀವ, ಕೆಳಗೆ ಆಳದ ನೀರು. ಒಂದೇ ಎಳೆತದಲ್ಲಿ ನೆಟ್ಟಗೆ ಮಾಡಬಹುದಿತ್ತು.

ಹರಿಗೋಲಿನಲ್ಲಿ ಅವರೆಕಾಯಿ ಇರಲಿಲ್ಲ, ಹುಣಸೆಹಣ್ಣು ಇರಲಿಲ್ಲ, ಎಲೆಯಡಿಕೆಯೂ ಇರಲಿಲ್ಲ.

ಅವನು ಕೈಯನ್ನು ಮೆಲ್ಲಗೆ ಇಳಿಸಿ, ತನ್ನ ತೊಡೆಯ ಕೆಳಗೆ ಇಟ್ಟುಕೊಂಡು, ಅದರ ಮೇಲೆ ಕೂತ.

ಗುರುಗಳು ಹುಟ್ಟು ಹಾಕುವುದನ್ನು ನಿಲ್ಲಿಸಿದರು. ಅದನ್ನು ಅಡ್ಡಲಾಗಿ ಮಂಡಿಯ ಮೇಲಿಟ್ಟುಕೊಂಡರು. ತಂಬೂರಿಯನ್ನು ಮುಂದಕ್ಕೆ ಎಳೆದುಕೊಂಡು ಕೆಂಪು ದಾರದ ಗಂಟು ಬಿಚ್ಚತೊಡಗಿದರು. ಹಳೆಯ ಗಂಟು, ಒದ್ದೆ ಬೆರಳು. ತುಂಬ ಹೊತ್ತು ಹಿಡಿಯಿತು. ಬಿಳಿಗಿರಿ ಅದಕ್ಕೂ ಕೈ ಹಾಕಲಿಲ್ಲ.

ಒಂದು ಗೆಜ್ಜೆ ಬಿಡಿಸಿಕೊಂಡು ಬಂತು. ದಾರದಲ್ಲಿ ನಾಲ್ಕು ಉಳಿದವು.

ಗೆಜ್ಜೆಯನ್ನು ಕೊಡಲು ಗುರುಗಳು ಕೈ ಚಾಚಿದಾಗ ಬಿಳಿಗಿರಿ ತೊಡೆಯ ಕೆಳಗಿಂದ ಕೈ ತೆಗೆದ. ಅದು ಜೋಮು ಹಿಡಿದಿತ್ತು. ಗೆಜ್ಜೆ ಅಂಗೈ ಮೇಲೆ ಬಿದ್ದದ್ದು ಕಿವಿಗೆ ತಿಳಿಯಿತು, ಕೈಗೆ ತಿಳಿಯಲಿಲ್ಲ.

"ಗುರುಗಳೇ..." ಅಂದ.

ಗುರುಗಳು ರುಮಾಲು ಸರಿಮಾಡಿಕೊಂಡರು. ಮತ್ತೆ ಹುಟ್ಟು ಎತ್ತಿಕೊಂಡರು. ಹರಿಗೋಲು ಇನ್ನೂ ತಿರುಗುತ್ತಲೇ ಇತ್ತು.

"ಮಾತೆಲ್ಲ ಆಮೇಲೆ. ಈಗ ಆ ಹುಣಸೆಮರ ಯಾವ ಕಡೆ ಅಂತ ಮಾತ್ರ ಹೇಳು."